ಕೆಂಪು ಚುಕ್ಕೆಯ ನೀಲಿ ಪಿಸ್ತೂಲು

ಗುರುವಾರ ಮಧ್ಯಾಹ್ನ ಒಂದೂಕಾಲು ಗಂಟೆ. ಓರ್ವಿಲ್ ಸ್ಟೀನ್ ತನ್ನ ಮಂಡಿನೋವಿನ ಮಾತ್ರೆಗೆಂದು ಪ್ರೂಯಿಟ್ ಔಷಧದಂಗಡಿಯ ಬಾಗಿಲು ತಳ್ಳಿದ. ಒಳಗೆ ಯಾರೂ ಕಾಣಲಿಲ್ಲ. ಗಲ್ಲೆಯ ಹಿಂದಿನಿಂದ ಯಾರೋ ಬಿಕ್ಕುತ್ತಿರುವ ಸದ್ದು ಬರುತ್ತಿತ್ತು.

"ಆಸ್ಟ್ರಿಡ್! ಬಾ ಬೇಗ!"

ಆಸ್ಟ್ರಿಡ್ ಹಾಲ್ವರ್ಸನ್ ಆಗಷ್ಟೇ ಅವನ ಟ್ರಕ್ಕಿನಿಂದ ಇಳಿಯುತ್ತಿದ್ದಳು. ಅವಳ ಕಾರು ಗ್ಯಾರೇಜಿನಲ್ಲಿತ್ತು. ಒಂದು ವಾರದಿಂದ ಓರ್ವಿಲ್ ಕೇಳದೆಯೇ ಬಂದು ಅವಳನ್ನು ಬೇಕಾದಲ್ಲಿಗೆ ಕರೆದೊಯ್ಯುತ್ತಿದ್ದ. ಎಪ್ಪತ್ತೊಂದರ ಆಸ್ಟ್ರಿಡ್ ಹಿಮ ಕರಗಿ ಕೆಸರಾದ ಪಾದಚಾರಿ ದಾರಿಯನ್ನು ಮೂರೇ ಹೆಜ್ಜೆಯಲ್ಲಿ ದಾಟಿದಳು. ಮೂವತ್ತು ವರ್ಷ ಶೆರೀಫ್ ಕಚೇರಿಯಲ್ಲಿ ಸಾರ್ಜೆಂಟ್ ಆಗಿದ್ದ ಕಾಲುಗಳು ಅವು.

ಗಲ್ಲೆಯ ಹಿಂದೆ ನೆಲದ ಮೇಲೆ ಕುಳಿತಿದ್ದವಳು ಮರ್ನಾ ಟಾಲ್ಬಟ್. ಅಂಗಡಿಯ ಸಹಾಯಕಿ. ಮೊಣಕಾಲನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದಳು. ಹಿಂದಿನ ಕಪಾಟು ಬಾಯಿ ತೆರೆದುಕೊಂಡಿತ್ತು. ಬೀಗ ಹಾಕಿಡುವ ಬಲವಾದ ನೋವಿನ ಮಾತ್ರೆಗಳ ಕಪಾಟು. ಒಂದು ಡಬ್ಬಿಯೂ ಉಳಿದಿರಲಿಲ್ಲ.

"ಯಾರು, ಮರ್ನಾ?"

"ಮುಖಕ್ಕೆ ಉಣ್ಣೆ ಮುಸುಕು. ಹಿಮದ ಕನ್ನಡಕ. ಬೇಟೆ ಕೋಟು. ಒಂದು ಮಾತೂ ಆಡಲಿಲ್ಲ, ಮಿಸೆಸ್ ಹಾಲ್ವರ್ಸನ್. 'ಕಪಾಟು ತೆಗೆ' ಅಂತ ಬರೆದಿದ್ದ ರಟ್ಟು ತೋರಿಸ್ದ. ಕೈಯಲ್ಲಿ ಕಪ್ಪು ಪಿಸ್ತೂಲು."

"ನೀನೇನು ಮಾಡಿದೆ?"

ಮರ್ನಾಳ ಕಣ್ಣು ಒಂದು ಕ್ಷಣ ಹೊಳೆಯಿತು. "ನೀವು ಹೇಳ್ಕೊಟ್ಟ ಹಾಗೇ ಮಾಡ್ದೆ. ಕಿತ್ಕೊಂಡೆ. ನಿಜವಾಗ್ಲೂ ಕಿತ್ಕೊಂಡೆ! ಆಮೇಲೆ... ಅವನು ಮತ್ತೆ ಕಸ್ಕೊಂಡ."

ಓರ್ವಿಲ್ ತನ್ನ ಕುರಿಚರ್ಮದ ಕೋಟು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ. ಹೋಗಿ ಒಂದು ಲೋಟ ನೀರು ತಂದ.

ಅಷ್ಟರಲ್ಲಿ ಅಂಗಡಿಯ ಮಾಲೀಕ ಎಮೊರಿ ಪ್ರೂಯಿಟ್ ಓಡಿಬಂದ. ಪ್ರತಿದಿನ ಒಂದರಿಂದ ಒಂದೂಮುಕ್ಕಾಲರವರೆಗೆ ಅವನು ಮನೆಗೆ ಊಟಕ್ಕೆ ಹೋಗುತ್ತಿದ್ದ. ಒಂಟಿ ಮನುಷ್ಯ, ಐವತ್ತರ ಆಸುಪಾಸು. ಊರಿನ ಮುದುಕರ ಮನೆಗೆಲ್ಲ ತಾನೇ ಮಾತ್ರೆ ತಲುಪಿಸುವವನು.

"ದೇವರೇ, ಮರ್ನಾ! ನಿನಗೇನೂ ಆಗಿಲ್ಲ ತಾನೆ? ಮಾತ್ರೆ ಹೋದ್ರೆ ಹೋಗ್ಲಿ ಬಿಡು," ಎಂದ.

\* \* \*

ಶುಕ್ರವಾರ ಬೆಳಿಗ್ಗೆಯ ಹೊತ್ತಿಗೆ ಕಾಟನ್‌ವುಡ್ ಬೆಂಡ್ ಊರಿನ ಕಾಫಿ ಅಂಗಡಿಯಲ್ಲಿ ಎಲ್ಲರೂ ಮರ್ನಾಳೇ ಕಳ್ಳಿ ಎನ್ನುತ್ತಿದ್ದರು.

ಆಸ್ಟ್ರಿಡ್ ಹಕಲ್‌ಬೆರಿ ಹಣ್ಣು ತುಂಬಿದ ಪೈ ಎಂಬ ಸಿಹಿತಿಂಡಿ ಇಟ್ಟಿದ್ದ ಬುಟ್ಟಿ ಹಿಡಿದು ಶೆರೀಫ್ ಕಚೇರಿಗೆ ನಡೆದಳು. ಶೆರೀಫ್ ಕ್ಲೇಟನ್ ರೂಡ್ ಎದ್ದು ನಿಂತ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಪಿಸ್ತೂಲು ಹಿಡಿಯುವುದನ್ನು ಅವಳಿಂದಲೇ ಕಲಿತವನು. ಈಗ ತಲೆ ಅರ್ಧ ನೆರೆತಿದ್ದರೂ ಅವಳ ಮುಂದೆ ಕುಳಿತು ಮಾತಾಡುವ ಅಭ್ಯಾಸವಿರಲಿಲ್ಲ.

"ಸಾರ್ಜೆಂಟ್, ಪೈ ತಂದಿದ್ದೀರಿ ಅಂದ್ರೆ ಏನೋ ಕೆಲಸ ಇದೆ."

"ಮರ್ನಾಳನ್ನ ಯಾಕೆ ಹಿಡಿದಿಟ್ಟೆ, ಕ್ಲೇಟ್?"

"ಮನೇಲೇ ಇದ್ದಾಳೆ, ಹೊರಗೆ ಹೋಗ್ಬೇಡ ಅಂದಿದ್ದೀನಿ. ಆದ್ರೆ ಸೋಮವಾರ ನ್ಯಾಯಾಧೀಶರ ಮುಂದೆ ನಿಲ್ಲಿಸ್ತೀನಿ. ಅವಳ ತಮ್ಮ ವೇಡ್ ಜೈಲಿಂದ ಬಂದು ಎರಡು ತಿಂಗಳಾಯ್ತು. ಇದೇ ಮಾತ್ರೆ ಕದ್ದು ಒಳಗೆ ಹೋಗಿದ್ದವನು. ಎತ್ತರ ಸರಿ ಹೋಗುತ್ತೆ. ನಿನ್ನೆ ಮಧ್ಯಾಹ್ನ ಒಬ್ಬನೇ ಹೊಳೆ ಹತ್ರ ಮೀನು ಹಿಡೀತಿದ್ನಂತೆ. ನೋಡಿದವರಿಲ್ಲ."

"ಅಷ್ಟಕ್ಕೇನಾ?"

"ಅಷ್ಟೇ ಅಲ್ಲ. ಇದನ್ನ ನೋಡಿ."

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಅಂಗಡಿಯ ಸಿಸಿ ಕ್ಯಾಮೆರಾದ ದೃಶ್ಯ. ಕಪ್ಪು ಬಿಳುಪು, ಸದ್ದಿಲ್ಲ.

ಮುಸುಕಿನವನು ಪಿಸ್ತೂಲು ಚಾಚಿದ. ಮರ್ನಾ ಪಕ್ಕಕ್ಕೆ ಸರಿದಳು. ಎಡಗೈಯಿಂದ ನಳಿಗೆ ತಳ್ಳಿದಳು, ಬಲಗೈಯಿಂದ ತಿರುಚಿದಳು. ಪಿಸ್ತೂಲು ಅವಳ ಕೈಗೆ ಬಂತು. ಮಿಂಚಿನ ಹಾಗೆ.

ಆಸ್ಟ್ರಿಡ್‌ಗೆ ಎದೆ ತುಂಬಿಬಂತು. ಮರುಕ್ಷಣ ಎದೆ ಒಡೆಯಿತು.

ಮುಸುಕಿನವನು ಅಂಗೈ ಚಾಚಿದ. ಮರ್ನಾ ಪಿಸ್ತೂಲನ್ನು ತಿರುಗಿಸಿ, ಹಿಡಿಕೆ ಮುಂದೆ ಮಾಡಿ, ಅವನ ಅಂಗೈಯಲ್ಲಿ ಇಟ್ಟಳು. ಅವನು ಅದರ ಮೇಲ್ಭಾಗ ಹಿಂದಕ್ಕೆಳೆದು, ಇಣುಕಿ ನೋಡಿ, ಬಿಟ್ಟು, ಮತ್ತೆ ಗುರಿ ಹಿಡಿದ.

"ಕಸ್ಕೊಂಡ ಅಂತ ಹೇಳಿಕೆ ಕೊಟ್ಟಿದ್ದಾಳೆ," ಎಂದ ಕ್ಲೇಟನ್. "ಇಲ್ಲಿ ತಾನೇ ಕೊಟ್ಟಿದ್ದಾಳೆ. ಹೂವು ಕೊಟ್ಟ ಹಾಗೆ. ಕ್ಯಾಮೆರಾಗೆ ಅಂತ ಒಂದು ನಾಟಕ ಆಡಿ, ಆಮೇಲೆ ಕೊಟ್ಟುಬಿಟ್ಲು. ಸುಳ್ಳು ಬೇರೆ. ಅವಳ ಗಂಡನ ಮನೆಯವರು ಆಗ್ಲೇ ವಕೀಲರ ಹತ್ರ ಹೋಗಿದ್ದಾರೆ, ಮಗು ನಮಗೆ ಬೇಕು ಅಂತ. ಕೇಸು ನಿಂತ್ರೆ ಪುಟ್ಟ ಜೂನಿ ಅವರ ಪಾಲು."

ಏಳು ವರ್ಷದ ಜೂನಿ. ತಾಯಿ ಆಸ್ಟ್ರಿಡ್‌ಳ ಶನಿವಾರದ ಪಿಸ್ತೂಲು ತರಗತಿಗೆ ಬಂದಾಗ ಹಾಲ್‌ನ ಮೂಲೆಯಲ್ಲಿ ಕುಳಿತು ಎಲ್ಲರ ಚಿತ್ರ ಬರೆಯುವವಳು. ಆಸ್ಟ್ರಿಡ್ ಪರದೆಯನ್ನೇ ನೋಡುತ್ತಿದ್ದಳು.

"ಇನ್ನೊಂದು ಸಲ ಹಾಕು."

ಹಾಕಿದ.

"ಇನ್ನೊಂದು ಸಲ. ನಿಧಾನವಾಗಿ."

ಐದು ಸಲ ನೋಡಿದಳು. ಐದನೇ ಸಲ ಅವಳ ಕಣ್ಣು ಮರ್ನಾಳ ಮೇಲಿರಲಿಲ್ಲ.

"ಕ್ಲೇಟ್, ಕಾಫಿ ಕುಡಿ, ಆರಿ ಹೋಗುತ್ತೆ," ಎಂದಳು.

ಅವನು ಲೋಟ ಎತ್ತಿದ. ಆಸ್ಟ್ರಿಡ್ ಪೈ ಬುಟ್ಟಿಯ ಬಟ್ಟೆ ಸರಿಸಿ ಸರಕ್ಕನೆ ಪಿಸ್ತೂಲು ತೆಗೆದು ಅವನ ಎದೆಗೆ ಹಿಡಿದಳು.

ಕ್ಲೇಟನ್ ಪಕ್ಕಕ್ಕೆ ಸರಿದ. ಲೋಟ ಹಾರಿತು. ತಳ್ಳಿದ, ತಿರುಚಿದ, ಕಿತ್ತುಕೊಂಡ. ಆಸ್ಟ್ರಿಡ್ ಸುಮ್ಮನೆ ಅಂಗೈ ಚಾಚಿದಳು.

ಶೆರೀಫ್ ಕ್ಲೇಟನ್ ರೂಡ್ ಅದನ್ನು ಹಿಡಿಕೆ ಮುಂದೆ ಮಾಡಿ ಅವಳ ಅಂಗೈಯಲ್ಲಿ ಇಟ್ಟ.

ಆಮೇಲೆ ತನ್ನ ಕೈಯನ್ನೇ ನೋಡಿಕೊಂಡ. ಮೇಜಿನ ಮೇಲಿನ ಕಾಗದಗಳಿಂದ ಕಾಫಿ ತೊಟ್ಟಿಕ್ಕುತ್ತಿತ್ತು.

"ಅಯ್ಯೋ," ಎಂದ.

"ಹೂವು ಕೊಟ್ಟ ಹಾಗೆ ಕೊಟ್ಟೆ," ಎಂದಳು ಆಸ್ಟ್ರಿಡ್.

ಅವಳ ಕೈಯಲ್ಲಿದ್ದದ್ದು ತರಬೇತಿಯ ನೀಲಿ ಪಿಸ್ತೂಲು. ನಿಜವಾದದ್ದರಷ್ಟೇ ತೂಕ, ಅದೇ ಆಕಾರ. ಮೇಲ್ಭಾಗ ಹಿಂದೆ ಮುಂದೆ ಜಾರುತ್ತದೆ, ಟ್ರಿಗರ್ ಟಿಕ್ ಎನ್ನುತ್ತದೆ. ಗುಂಡು ಮಾತ್ರ ಒಳಗೆ ಹೋಗುವುದೇ ಇಲ್ಲ. ನಳಿಗೆಯ ತುದಿ ಕಿತ್ತಳೆ ಬಣ್ಣ. ನಿಜವಾದ ಪಿಸ್ತೂಲು ಮುಟ್ಟುವ ಮೊದಲು ಇದರಲ್ಲಿ ಕೈ ಪಳಗಬೇಕು ಎನ್ನುವುದು ಅವಳ ಹಟ. ಅದಕ್ಕಾಗಿಯೇ ಪ್ರತಿ ಶನಿವಾರ ಮಾಜಿ ಸೈನಿಕರ ಹಾಲ್‌ನಲ್ಲಿ ಪಾಠ.

"ತಪ್ಪು ನನ್ನದು, ಕ್ಲೇಟ್. ಕಿತ್ಕೋ, ವಾಪಸ್ ಕೊಡು, ಮತ್ತೆ ಕಿತ್ಕೋ. ಒಂದು ದಿನಕ್ಕೆ ನಲವತ್ತು ಸಲ. ಕಿತ್ಕೊಳ್ಳೋದನ್ನ ಕಲಿಸ್ತಿದ್ದೀನಿ ಅಂದ್ಕೊಂಡಿದ್ದೆ. ವಾಪಸ್ ಕೊಡೋದನ್ನೂ ಅಷ್ಟೇ ಚೆನ್ನಾಗಿ ಕಲಿಸ್ತಿದ್ದೆ. ಮೂವತ್ತು ವರ್ಷ ನನಗೆ ಹೊಳೀಲಿಲ್ಲ. ಆ ಹುಡುಗಿ ಸುಳ್ಳು ಹೇಳಿಲ್ಲ. ಅವಳ ಕೈ ಕೊಟ್ಟಿದ್ದು ಅವಳಿಗೇ ಗೊತ್ತಿಲ್ಲ."

ಕ್ಲೇಟನ್ ಕುರ್ಚಿಯಲ್ಲಿ ಕುಸಿದ. "ಸರಿ. ಆದ್ರೆ ನ್ಯಾಯಾಧೀಶರು ನನ್ನ ಕೈ ನೋಡಿ ನಂಬಲ್ಲ. ಕಳ್ಳ ಬೇಕು."

"ಕಳ್ಳನೂ ಅಲ್ಲೇ ಇದ್ದಾನೆ. ಅವನ ಬೆರಳು ನೋಡು. ಪಿಸ್ತೂಲು ಚಾಚಿದಾಗ ಟ್ರಿಗರ್ ಮೇಲಿಲ್ಲ, ಪಕ್ಕದಲ್ಲಿ ಉದ್ದಕ್ಕೆ ಚಾಚಿದೆ. ಅದು ನಾನು ಕಲಿಸೋ ರೀತಿ. ವೇಡ್ ನನ್ನ ಹಾಲ್‌ನೊಳಗೆ ಕಾಲಿಟ್ಟವನಲ್ಲ. ಜೈಲಿಗೆ ಹೋಗಿ ಬಂದವನು, ನೀಲಿ ಪಿಸ್ತೂಲನ್ನೂ ಮುಟ್ಟಲ್ಲ ಅಂತ ಹೆದರಿ ಬಾಗಿಲಲ್ಲೇ ನಿಂತು ಅಕ್ಕನನ್ನ ಕರ್ಕೊಂಡು ಹೋಗ್ತಾನೆ. ಇನ್ನೂ ಒಂದು. ವಾಪಸ್ ಸಿಕ್ಕ ತಕ್ಷಣ ಇವನು ಮೇಲ್ಭಾಗ ಎಳೆದು ಒಳಗೆ ಇಣುಕಿದ. ಯಾಕೆ?"

"ಕೈ ಬದಲಾದಾಗಲೆಲ್ಲ ತೆರೆದು ನೋಡು," ಕ್ಲೇಟನ್ ಪಾಠ ಒಪ್ಪಿಸಿದ. ತಕ್ಷಣ ನೆಟ್ಟಗೆ ಕುಳಿತ. "ಗುಂಡು ತುಂಬಿದ್ರೆ, ಎಳೆದ ಕೂಡ್ಲೆ ಒಂದು ತೋಟಾ ಹೊರಗೆ ಹಾರ್ಬೇಕಿತ್ತು!"

"ಹಾರಿತಾ?"

"ಇಲ್ಲ."

"ಅದು ನನ್ನದೇ ನಕಲಿ ಪಿಸ್ತೂಲು, ಕ್ಲೇಟ್. ಕಪ್ಪು ಬಣ್ಣ ಬಳಿದದ್ದು. ಮನೇಲಿ ಅಭ್ಯಾಸ ಮಾಡ್ಲಿ ಅಂತ ಆರು ಜನಕ್ಕೆ ಒಂದೊಂದು ಕೊಟ್ಟಿದ್ದೀನಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಹಾಲ್‌ಗೆ ಬಾ. ಮರ್ನಾಳನ್ನೂ ಕರ್ಕೊಂಡು ಬಾ."

"ಯಾರು ಅಂತ ಗೊತ್ತಾ ನಿಮಗೆ?"

ಆಸ್ಟ್ರಿಡ್ ಪೈ ಕತ್ತರಿಸಿ ಅವನ ಮುಂದಿಟ್ಟಳು. "ಗೊತ್ತಾಗಿದೆ ಅಂತ ಅನ್ನಿಸ್ತಿದೆ. ತಪ್ಪಾಗಿರ್ಲಿ ಅಂತಲೂ ಅನ್ನಿಸ್ತಿದೆ. ಅದಕ್ಕೇ ಈಗ ಹೇಳಲ್ಲ."

\* \* \*

ಶನಿವಾರ ಬೆಳಿಗ್ಗೆ ಹಾಲ್‌ನ ಹೊರಗೆ ಬಿಸಿಲಿತ್ತು. ಬಾಗಿಲಲ್ಲಿ ಪದ್ಧತಿಯಂತೆ ಎಲ್ಲರೂ ಜೇಬು, ಚೀಲ ತೆರೆದು ತೋರಿಸಿದರು. ನಿಜವಾದ ಗುಂಡು ಒಂದೂ ಒಳಗೆ ಬರಬಾರದು. ಶೆರೀಫ್ ಕೂಡ ತನ್ನ ಸೊಂಟದ ಪಿಸ್ತೂಲನ್ನು ಹೊರಗೆ ಕಾರಿನಲ್ಲಿ ಬೀಗ ಹಾಕಿಟ್ಟು ಬಂದ.

ಮರ್ನಾ ತಲೆ ತಗ್ಗಿಸಿ ಬಂದಳು. ಜೊತೆಗೆ ಜೂನಿ. ಯಾರೂ ಅವಳ ಪಕ್ಕ ಕೂರಲಿಲ್ಲ. ಓರ್ವಿಲ್ ತನ್ನ ಕುರ್ಚಿಯನ್ನು ಕರ್ರೆಂದು ಎಳೆದುಕೊಂಡು ಬಂದು ಅವಳ ಪಕ್ಕ ಹಾಕಿದ.

"ಆ ಕಡೆ ಗಾಳಿ ಬರುತ್ತೆ," ಎಂದ. ಗಾಳಿ ಎಲ್ಲೂ ಇರಲಿಲ್ಲ.

ಪ್ರೂಯಿಟ್ ಕೊನೆಯಲ್ಲಿ ಬಂದ. "ಇವತ್ತೂ ಪಾಠ ಇದೆಯಾ, ಆಸ್ಟ್ರಿಡ್? ಪಾಪದ ಹುಡುಗಿ ಈ ಸ್ಥಿತೀಲಿ..." ದನಿ ತಗ್ಗಿಸಿದ. "ನಾನು ದೂರು ಕೊಡೋದೇ ಇಲ್ಲ ಅಂದಿದ್ದೆ. ತಮ್ಮನ ಒತ್ತಡ ಇರುತ್ತೆ, ಏನ್ಮಾಡ್ತಾಳೆ ಹೇಳಿ."

"ನಿಮ್ಮ ಮನಸ್ಸು ದೊಡ್ಡದು, ಎಮೊರಿ," ಎಂದಳು ಆಸ್ಟ್ರಿಡ್. "ಮೊದಲು ಅಭ್ಯಾಸ ಮಾಡೋಣ. ಇವತ್ತು ಜೋಡಿ ಬದಲಾಯಿಸ್ತೀನಿ. ಮರ್ನಾ, ನೀನು ಓರ್ವಿಲ್ ಜೊತೆ."

ಓರ್ವಿಲ್ ನೀಲಿ ಪಿಸ್ತೂಲು ಚಾಚಿ ಬೇಲಿ ಕಂಬದ ಹಾಗೆ ನಿಂತ. ಮರ್ನಾ ತಳ್ಳಿ ತಿರುಚಿದಳು. "ಅಮ್ಮಾ!" ಎಂದು ಎಡ ಮಣಿಕಟ್ಟು ಹಿಡಿದುಕೊಂಡಳು. ಹೋದ ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ಮುರಿದ ಕೈ ಅದು. ಗಾಬರಿಯಾದ ಓರ್ವಿಲ್ ಪಿಸ್ತೂಲನ್ನೇ ಕೆಳಗೆ ಬೀಳಿಸಿದ.

"ಈಗ ನಿನ್ನ ಎಂದಿನ ಜೋಡಿ. ಎಮೊರಿ, ಬನ್ನಿ."

ಒಂದೇ ಅಂಗಡಿಯಿಂದ ಒಟ್ಟಿಗೆ ಬರುತ್ತಿದ್ದ ಅವರಿಬ್ಬರೂ ಆರು ವಾರದಿಂದ ಜೋಡಿ. ಪ್ರೂಯಿಟ್ ನಗುತ್ತ ಬಂದು ಪಿಸ್ತೂಲು ಚಾಚಿದ. ಮರ್ನಾ ತಳ್ಳಿದಳು. ಅವಳು ತಿರುಚುವ ಮೊದಲೇ ಪ್ರೂಯಿಟ್‌ನ ಮೊಣಕೈ ಒಂದಿಷ್ಟು ಇಳಿಯಿತು, ಮಣಿಕಟ್ಟು ತಾನಾಗಿ ಒಳಕ್ಕೆ ತಿರುಗಿತು. ಪಿಸ್ತೂಲು ಹಣ್ಣು ಕಳಚಿದಂತೆ ಅವಳ ಕೈಗೆ ಬಂತು. ನೋವೇ ಇಲ್ಲ.

"ನೋಡಿದ್ರಾ?" ಆಸ್ಟ್ರಿಡ್ ಮೆಲ್ಲಗೆ ಕೇಳಿದಳು. "ಅವಳ ಕೈಗೆ ನೋವಾಗ್ಬಾರ್ದು ಅಂತ ಎಮೊರಿ ಮೊದಲ ವಾರದಿಂದ ಹೀಗೆ ಸಡಿಲ ಬಿಡ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ. ಅದನ್ನ ನೋಡಿ ನನಗೆ ಎಷ್ಟೋ ಸಲ ಸಂತೋಷ ಆಗಿದೆ."

ಪ್ರೂಯಿಟ್ ಸಂಕೋಚದಿಂದ ನಕ್ಕ. "ಅದೇನು ದೊಡ್ಡ ವಿಷಯ ಬಿಡಿ."

"ದೊಡ್ಡದೇ. ಕ್ಲೇಟ್, ದೀಪ ಆರಿಸು."

ಗೋಡೆಯ ಮೇಲೆ ಅಂಗಡಿಯ ದೃಶ್ಯ ಮೂಡಿತು. ನಿಧಾನ ಗತಿ. ಮುಸುಕಿನವನು ಪಿಸ್ತೂಲು ಚಾಚಿದ. ಮರ್ನಾಳ ಎಡಗೈ ನಳಿಗೆಗೆ ತಾಗಿತು.

"ಇಲ್ಲಿ ನಿಲ್ಲಿಸು. ಅವಳಿನ್ನೂ ತಿರುಚಿಲ್ಲ. ಅವನ ಮೊಣಕೈ ನೋಡಿ."

ಮೊಣಕೈ ಒಂದಿಷ್ಟು ಇಳಿಯಿತು. ಮಣಿಕಟ್ಟು ತಾನಾಗಿ ಒಳಕ್ಕೆ ತಿರುಗಿತು.

ಕುರ್ಚಿಯಲ್ಲಿದ್ದವರೆಲ್ಲ ಪ್ರೂಯಿಟ್‌ನತ್ತ ತಿರುಗಿದರು.

"ಅಂಗಡಿ ದೋಚೋಕೆ ಬಂದವನು ಗಲ್ಲೆಯವಳ ಮಣಿಕಟ್ಟು ನೋಯಬಾರದು ಅಂತ ಯಾಕೆ ನೋಡ್ಕೊಂಡ?" ಎಂದಳು ಆಸ್ಟ್ರಿಡ್. "ಅವಳ ಕೈ ಮರೆತು ಪಿಸ್ತೂಲು ವಾಪಸ್ ಕೊಟ್ಟ ಹಾಗೇ, ಅವನ ಕೈಯೂ ಮರೆತು ಸಡಿಲ ಬಿಟ್ಟಿತು. ಅದಕ್ಕೇ ಅವನು ಒಂದು ಮಾತೂ ಆಡಲಿಲ್ಲ. ದನಿ ಕೇಳಿದ್ರೆ ಮರ್ನಾಗೆ ಆ ಕ್ಷಣವೇ ಗುರುತು ಸಿಗ್ತಿತ್ತು."

ಮರ್ನಾ ಬಾಯಿಗೆ ಕೈ ಹಿಡಿದಳು.

ಪ್ರೂಯಿಟ್ ಮುಂದೆ ಬಂದ. "ಇದೇನು ಹುಚ್ಚಾಟ? ಮೊಣಕೈ ಇಳೀತು ಅಂತ ನನ್ನನ್ನ ಕಳ್ಳ ಅಂತೀರಾ? ನೀವು ಮುದುಕಿ ಅಂತ ಮರ್ಯಾದೆ ಕೊಟ್ಟು ಕೇಳ್ತಿದ್ದೀನಿ."

"ಮರ್ಯಾದೆ ಆಮೇಲೆ ಕೊಡಿ. ಈಗ ನಿಮ್ಮ ಪಿಸ್ತೂಲು ಕೊಡಿ. ಎಲ್ಲರೂ ತಂತಮ್ಮದು ಈ ಮೇಜಿನ ಮೇಲೆ ಮಗುಚಿ ಇಡಿ."

ಆರು ನೀಲಿ ಪಿಸ್ತೂಲುಗಳು ಸಾಲಾಗಿ ಮಲಗಿದವು. ಐದರ ಹಿಡಿಕೆಯ ಅಡಿಯಲ್ಲಿ ಕೆಂಪು ಚುಕ್ಕೆಯಿತ್ತು. ಆರನೆಯದು ಪ್ರೂಯಿಟ್‌ನದು, ಅದರಲ್ಲಿ ಇರಲಿಲ್ಲ.

"ಜೂನಿ, ಪುಟ್ಟಾ, ಆ ಚುಕ್ಕೆ ಇಟ್ಟವರು ಯಾರು?"

ಚಿತ್ರ ಬರೆಯುತ್ತಿದ್ದ ಮಗು ತಲೆಯೆತ್ತಿತು. "ನಾನು! ನಿಮ್ಮ ಉಗುರು ಬಣ್ಣದಲ್ಲಿ. ಆರಕ್ಕೂ ಇಟ್ಟಿದ್ದೆ. ಒಂದನ್ನೂ ಬಿಟ್ಟಿಲ್ಲ!"

"ನಾನು ಔಷಧದವನು," ಎಂದ ಪ್ರೂಯಿಟ್. "ಮುಟ್ಟಿದ್ದನ್ನೆಲ್ಲ ಸ್ಪಿರಿಟ್ ಹಾಕಿ ಒರೆಸ್ತೀನಿ. ಅಳಿಸಿ ಹೋಗಿರುತ್ತೆ."

"ನಿನ್ನೆ ರಾತ್ರಿ ನನ್ನ ಪಿಸ್ತೂಲಿಗೆ ಅದೇ ಉಗುರು ಬಣ್ಣದ ಚುಕ್ಕೆ ಇಟ್ಟು ನಾನೂ ಸ್ಪಿರಿಟ್ ಹಾಕಿ ಉಜ್ಜಿ ನೋಡಿದೆ, ಎಮೊರಿ. ಹೋಗಲಿಲ್ಲ. ಬಣ್ಣ ತೆಗೆಯೋ ದ್ರಾವಣವೇ ಬೇಕಾಯ್ತು. ಅಷ್ಟು ಕಷ್ಟಪಟ್ಟು ಯಾವ ಬಣ್ಣ ತೆಗೀತಿದ್ರಿ?"

ಆಸ್ಟ್ರಿಡ್ ಕಿವಿಗೆ ಹಾಕುವ ಹತ್ತಿಕಡ್ಡಿಯೊಂದನ್ನು ತೆಗೆದಳು. ಆರನೆಯ ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದು ಹಿಡಿದು, ಅದು ಜಾರುವ ಸಣ್ಣ ಸಂದಿಯೊಳಗೆ ಕಡ್ಡಿ ತೂರಿಸಿ ತಿರುಗಿಸಿದಳು. ಹೊರಗೆ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ಹತ್ತಿಯ ತುದಿ ಕಪ್ಪಾಗಿತ್ತು.

"ನಿಜವಾದ ಪಿಸ್ತೂಲಿನ ಸಂದೀಲಿ ಮಸಿ ಇರುತ್ತೆ, ಅದು ಸಿಡಿಮದ್ದಿನದು. ಇದು ಹುಟ್ಟಿದಾಗಿಂದ ಒಂದು ಗುಂಡೂ ಹಾರಿಸಿಲ್ಲ. ಹಾರಿಸೋಕೆ ಬರೋದೂ ಇಲ್ಲ. ಇದಕ್ಕೆ ಕಪ್ಪು ಎಲ್ಲಿಂದ ಬಂತು?"

ಪ್ರೂಯಿಟ್ ಬಾಗಿಲತ್ತ ನೋಡಿದ. ಬಾಗಿಲಲ್ಲಿ ವೇಡ್ ನಿಂತಿದ್ದ, ಎಂದಿನಂತೆ ಒಳಗೆ ಕಾಲಿಡದೆ, ಅಕ್ಕನಿಗಾಗಿ ಕಾಯುತ್ತ. ಅವನು ಕದಲಲಿಲ್ಲ.

\* \* \*

ಕ್ಲೇಟನ್ ನ್ಯಾಯಾಧೀಶರಿಗೆ ಫೋನು ಹಚ್ಚಿದ. ಬೆರಳು, ತೋಟಾ, ಮೊಣಕೈ, ಚುಕ್ಕೆ, ಹತ್ತಿಕಡ್ಡಿ, ಎಲ್ಲವನ್ನೂ ಹೇಳಿದ. ಶೋಧಕ್ಕೆ ಅಪ್ಪಣೆ ಸಿಕ್ಕಿತು.

"ಎಲ್ಲಿ ಹುಡುಕ್ಲಿ, ಸಾರ್ಜೆಂಟ್?"

"ಅಂಗಡಿ ಹಿಂದೆ ಅವಧಿ ಮುಗಿದ ಔಷಧ ಹಾಕೋ ಪೆಟ್ಟಿಗೆ ಇದೆ. ಮೊಹರು ಮಾಡಿಡ್ತಾರೆ, ಯಾರೂ ತೆಗೆಯಲ್ಲ. ನಾನು ಔಷಧದವನಾಗಿದ್ರೆ ಅಲ್ಲೇ ಇಡ್ತಿದ್ದೆ."

ಕ್ಲೇಟನ್ ತನ್ನ ಸಿಬ್ಬಂದಿಯನ್ನು ಅಂಗಡಿಗೆ ಕಳಿಸಿದ. ನಲವತ್ತು ನಿಮಿಷ. ಯಾರೂ ಮನೆಗೆ ಹೋಗಲಿಲ್ಲ. ಪೈ ಹಂಚಿಕೊಂಡರು. ಆಸ್ಟ್ರಿಡ್ ಪ್ರೂಯಿಟ್‌ನ ಮುಂದೆಯೂ ಒಂದು ತಟ್ಟೆ ಇಟ್ಟಳು. ಅವನು ಮುಟ್ಟಲಿಲ್ಲ.

ಫೋನು ಬಂತು. ಕ್ಲೇಟನ್ ಕೇಳಿಸಿಕೊಂಡ. ಮುಖ ಅರಳಿತು.

"ಪೆಟ್ಟಿಗೇಲೇ ಇತ್ತು. ಡಬ್ಬಿಗಳು, ಮುಸುಕು, ಕನ್ನಡಕ, ಕಪ್ಪಾದ ಹತ್ತಿ ಉಂಡೆಗಳು. ಡಬ್ಬಿಗಳಲ್ಲಿ ಅರ್ಧಕ್ಕರ್ಧ ಖಾಲಿ. ಎಷ್ಟೋ ತಿಂಗಳಿಂದ ಮಾತ್ರೆಗಳನ್ನ ಹೊರಗೆ ಮಾರ್ತಿದ್ದೆ ಅಲ್ವಾ, ಎಮೊರಿ? ಮುಂದಿನ ವಾರ ರಾಜ್ಯದವರ ತಪಾಸಣೆ ಇತ್ತು. ಎಲ್ಲಾ ಕಳುವಾಯ್ತು ಅಂದ್ರೆ ಯಾರೂ ಕೇಳಲ್ಲ ಅಂದ್ಕೊಂಡೆ."

ಪ್ರೂಯಿಟ್ ತಟ್ಟೆಯನ್ನೇ ನೋಡುತ್ತ ಹೇಳಿದ: "ಅವಳು ತಡೀತಾಳೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ. ಹೆದ್ರಿ ಕಪಾಟು ತೆಗೀತಾಳೆ, ಅಷ್ಟೇ ಅಂತಿದ್ದೆ. ಅವಳ ಮೇಲೆ ಅನುಮಾನ ಬಂದಾಗ..."

"ಬಂದಾಗ ಅವಳ ತಮ್ಮನ ಹೆಸರು ಹೇಳಿದ್ದು ಯಾರು?" ಎಂದ ಕ್ಲೇಟನ್.

ಮರ್ನಾ ಎದ್ದು ಪ್ರೂಯಿಟ್‌ನ ಎದುರು ನಿಂತಳು. ಅವನ ಕಣ್ಣನ್ನೇ ನೋಡಿದಳು.

"ನನ್ನ ಮಣಿಕಟ್ಟು ನೋಯಬಾರದು ಅಂತ ನೋಡ್ಕೊಂಡ್ರಿ, ಸರ್. ನನ್ನ ಮಗೂನ ಕಿತ್ಕೊಂಡು ಹೋಗೋದು ಪರವಾಗಿಲ್ಲ ಅಂದ್ಕೊಂಡ್ರಿ."

ಕ್ಲೇಟನ್ ಅವನನ್ನು ಹೊರಗೆ ಕರೆದೊಯ್ದ. ಬಾಗಿಲಲ್ಲಿ ವೇಡ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಶೆರೀಫ್ ಅರೆಕ್ಷಣ ನಿಂತು ತನ್ನ ಹ್ಯಾಟು ತೆಗೆದ. "ವೇಡ್, ತಪ್ಪಾಯ್ತಪ್ಪ. ಕ್ಷಮಿಸು."

ವೇಡ್ ಕತ್ತು ಕೆರೆದುಕೊಂಡ. "ಮೀನು ಸಿಕ್ಕಿತ್ತು ಶೆರೀಫ್," ಎಂದ. "ಮನೇಲಿದೆ. ಬೇಕಾದ್ರೆ ಒಂದು ತಗೊಂಡು ಹೋಗಿ."

ಹಾಲ್ ಇಡೀ ನಕ್ಕಿತು. ನಗುತ್ತಲೇ ಮರ್ನಾ ಅತ್ತಳು. ಜೂನಿ ಅಮ್ಮನ ಕೋಟಿನ ತುದಿ ಹಿಡಿದುಕೊಂಡಳು. ಓರ್ವಿಲ್ ಮೂಗು ಒರೆಸಿಕೊಂಡು, ಈ ಗಾಳಿಯಿಂದ ನೆಗಡಿಯಾಯಿತು ಎಂದ.

\* \* \*

ಮೇ ತಿಂಗಳಲ್ಲಿ ಹಾಲ್ ತುಂಬಿತ್ತು. ಆರು ಜನರಿದ್ದ ತರಗತಿಯಲ್ಲಿ ಈಗ ಮೂವತ್ತು ಜನ. ಮುಂದಿನ ಸಾಲಿನಲ್ಲಿ ಶೆರೀಫ್‌ನ ಒಂಬತ್ತು ಜನ ಸಿಬ್ಬಂದಿ. ಪಕ್ಕದ ಜಿಲ್ಲೆಯಿಂದಲೂ ಇಬ್ಬರು ಬಂದಿದ್ದರು.

ಆಸ್ಟ್ರಿಡ್ ಮೊದಲ ಮಾತಾಗಿ ತನ್ನ ತಪ್ಪನ್ನೇ ಹೇಳಿದಳು. ಮುಚ್ಚಿಡಲಿಲ್ಲ. "ಇನ್ಮೇಲೆ ಕಿತ್ಕೊಂಡವರು ವಾಪಸ್ ಕೊಡೋ ಹಾಗಿಲ್ಲ. ಎರಡು ಹೆಜ್ಜೆ ಹಿಂದೆ ಹೋಗಿ. ದೂರದ ಮೇಜಿನ ಮೇಲಿಡಿ. ಜೊತೆಗಾರ ತಾನೇ ನಡೆದು ಹೋಗಿ ತಗೊಳ್ಳಲಿ. ಎಷ್ಟು ಹೊತ್ತಾದ್ರೂ ಆಗ್ಲಿ."

ಪಕ್ಕದಲ್ಲಿ ಸಹಾಯಕ ಶಿಕ್ಷಕಿ ನಿಂತಿದ್ದಳು. ಮರ್ನಾ ಟಾಲ್ಬಟ್. ಅಂಗಡಿ ಬೇರೆಯವರ ಕೈಗೆ ಹೋಗಿತ್ತು. ಹೊಸ ಮಾಲೀಕರು ಅವಳನ್ನೇ ಮೇಲ್ವಿಚಾರಕಿ ಮಾಡಿದ್ದರು. ಗೋಡೆಯ ಮೇಲೆ ಜೂನಿಯ ಚಿತ್ರ: ದೊಡ್ಡ ಹ್ಯಾಟಿನ ಶೆರೀಫ್, ಅವನ ಎರಡರಷ್ಟು ಎತ್ತರದ ಆಸ್ಟ್ರಿಡ್.

ಕ್ಲೇಟನ್ ತಡವಾಗಿ ಬಂದ. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಹ್ಯಾಟು. "ಕ್ಷಮಿಸಿ ಸಾರ್ಜೆಂಟ್, ರಸ್ತೇಲಿ ಹಸು..."

ಮಾತು ಮುಗಿಯುವ ಮೊದಲೇ ಆಸ್ಟ್ರಿಡ್ ಶಾಲಿನ ಕೆಳಗಿಂದ ನೀಲಿ ಪಿಸ್ತೂಲು ತೆಗೆದು ಅವನ ಎದೆಗೆ ಹಿಡಿದಳು.

ಲೋಟ ಹಾರಿತು. ಹ್ಯಾಟು ಹಾರಿತು. ತಳ್ಳಿದ, ತಿರುಚಿದ, ಕಿತ್ತುಕೊಂಡ.

ಆಸ್ಟ್ರಿಡ್ ಅಂಗೈ ಚಾಚಿದಳು. ಮೂವತ್ತು ಜನ ಉಸಿರು ಬಿಗಿಹಿಡಿದರು.

ಕ್ಲೇಟನ್‌ನ ಕೈ ಅರ್ಧ ಮುಂದೆ ಬಂತು. ನಿಂತಿತು. ಅವನು ಎರಡು ಹೆಜ್ಜೆ ಹಿಂದೆ ಹೋದ, ಪಿಸ್ತೂಲನ್ನು ಎದೆಗವಚಿಕೊಂಡ.

"ಕೊಡಲ್ಲ, ಸಾರ್ಜೆಂಟ್."

ಮೊದಲು ಚಪ್ಪಾಳೆ ಹೊಡೆದವಳು ಜೂನಿ.